ಹೈದರಾಬಾದಿನ ಹೆಪ್ಪು

ನನ್ನ ಮಾವನವರಿಗೆ ಇಡೀ ಸೇಡಂನಲ್ಲಿ ಇದ್ದದ್ದು ಒಬ್ಬನೇ ಶತ್ರು. ಆದರೆ ಆ ಒಬ್ಬನ ಮುಖ ನೋಡದೆ ಇವರಿಗೆ ಬೆಳಗಿನ ಚಹಾ ಇಳಿಯುತ್ತಿರಲಿಲ್ಲ! ಇಂಥ ಶತ್ರುತ್ವ ನೀವೆಲ್ಲಾದರೂ ಕಂಡಿದ್ದೀರಾ?

ಶತ್ರು ಎಂದರೆ ಪಕ್ಕದ ಮನೆಯ ಪೇಷ್ಕಾರರು, ತಹಸೀಲು ಕಚೇರಿಯ ನೌಕರರು. ನಿಜಾಮರ ಆಳ್ವಿಕೆ ಮುಗಿದಿತ್ತು. ಹೈದರಾಬಾದ್ ರಾಜ್ಯವನ್ನು ಒಡೆಯಬೇಕೋ ಬೇಡವೋ ಎಂಬ ವಾದ ಎಲ್ಲೆಲ್ಲೂ ನಡೆದಿತ್ತು. ಕನ್ನಡದವರೆಲ್ಲ ಒಂದೇ ರಾಜ್ಯವಾಗಬೇಕೆಂದು ಮಾವನವರು, ಹೈದರಾಬಾದ್ ಇದ್ದ ಹಾಗೇ ಇರಬೇಕೆಂದು ಪೇಷ್ಕಾರರು. ಇಬ್ಬರ ಅಭಿಪ್ರಾಯವನ್ನೂ ಯಾವ ಸರಕಾರವೂ ಕೇಳಿರಲಿಲ್ಲ. ರೊಟ್ಟಿ ಬಡಿಯುತ್ತಾ ದಿನವೂ ಕೇಳುತ್ತಿದ್ದವಳು ನಾನು!

ಎರಡು ಹಿತ್ತಿಲುಗಳ ನಡುವೆ ಫರಸಿ ಕಲ್ಲಿನ ಗೋಡೆ, ಗೋಡೆಯಲ್ಲೊಂದು ಕಂಡಿ. ಒಲೆಗೆ ಕೆಂಡ, ಸಾರಿಗೆ ಕರಿಬೇವು, ಹಾಲಿಗೆ ಹೆಪ್ಪು ಎಲ್ಲವೂ ಆ ಕಂಡಿಯಿಂದಲೇ ಓಡಾಡುತ್ತಿದ್ದವು. ಒಂದು ದಿನ ವಾದ ವಿಪರೀತಕ್ಕೆ ಹೋಗಿ ಮಾವನವರು ಕಂಡಿಗೆ ಅಡ್ಡಲಾಗಿ ಒಂದು ಫರಸಿ ಚಪ್ಪಡಿ ನಿಲ್ಲಿಸಿಬಿಟ್ಟರು.

"ಇವತ್ತಿನಿಂದ ಹೈದರಾಬಾದಿನವರ ಮನಿದು ಏನೂ ತಗೋಬ್ಯಾಡ!"

"ಅವರೂ ಸೇಡಂದವರೇ ಅಲ್ಲೇನ್ರಿ ಮಾವಾರ?" ಎಂದೆ.

"ಮನಿ ಸೇಡಂದಾಗ ಅದ. ತಲಿ ಹೈದರಾಬಾದಿನ್ಯಾಗ ಅದ!"

"ಹಂಗಾದ್ರ ನಮ್ಮ ಮಸರೂ ಅವರ ಹೆಪ್ಪಿಂದೇ. ಚೆಲ್ಲಿಬಿಡ್ಲೇನ್ರಿ?"

ಮೊಸರಿಲ್ಲದೆ ಊಟದಿಂದ ಏಳುವ ಮನುಷ್ಯರೇ ಅಲ್ಲ ಅವರು! ಸ್ವಲ್ಪ ಹೊತ್ತು ಗಂಭೀರವಾಗಿ ಯೋಚಿಸಿ, "ಅದು ಇರ್ಲಿ. ನಮ್ಮ ಮನ್ಯಾಗೇ ಬೆಳದದ," ಎಂದರು.

ಆದರೆ ಬೆಕ್ಕಿಗೆ ರಾಜಕೀಯ ತಿಳಿಯಬೇಕಲ್ಲ! ಮೊಸರಿನ ಗಡಿಗೆ ಉರುಳಿಸಿಬಿಟ್ಟಿತು. ಏಕೀಕರಣದ ಪರ ಇರುವವರ ಮನೆಯ ಹೆಪ್ಪೇ ಆಗಬೇಕೆಂದು ಮಾವನವರ ಹಟ. ಸುಡುಬಿಸಿಲಲ್ಲಿ ಊರಾಚೆಯ ಓಣಿಗೆ ಹೋಗಿ ತಂದೆ. ಆ ಮೊಸರೋ, ಹುಳಿಯೆಂದರೆ ಹುಳಿ! ಮಾವನವರು ಕಣ್ಣು ಮುಚ್ಚಿ ನುಂಗಿ, "ಭಾಳ ಛಲೋ ಆಗ್ಯದ," ಎಂದರು. ಮರುದಿನ ನೋಡಿದರೆ ಒಲೆಯ ಬಳಿ ಪೇಷ್ಕಾರರ ಮನೆಯ ಹೆಪ್ಪಿನ ಬಟ್ಟಲು, ಕಂಡಿಯ ಕಲ್ಲು ಒಂದು ಕಡೆಗೆ ಸರಿದಿತ್ತು.

"ಕಲ್ಲು ಯಾರು ಸರಿಸ್ಯಾರ್ರಿ ಮಾವಾರ?"

"ಗಾಳಿಗಿ ಸರದಿರಬೇಕು."

ಫರಸಿ ಕಲ್ಲು ಗಾಳಿಗೆ ಸರಿಯುವುದನ್ನು ನಾನು ಕೇಳಿದ್ದು ಅದೇ ಮೊದಲು!

ಕೊನೆಗೆ ರಾಜ್ಯ ಒಡೆಯುವುದು ಗಟ್ಟಿಯಾಯಿತು. ಮಾವನವರು ಗೆದ್ದರು. ಪೇಷ್ಕಾರರ ನೌಕರಿ ಹೈದರಾಬಾದಿನ ಪಾಲಿಗೆ ಹೋಯಿತು; ಅವರೂ ಅಲ್ಲಿಗೆ ಹೊರಡಬೇಕಾಯಿತು. ಸಾಮಾನು ಕಟ್ಟಿದ್ದಾಯಿತು, ಟಾಂಗಾ ಬಂತು. ಬೆಳಿಗ್ಗೆಯಿಂದ ಹೊರಗೇ ಬಾರದಿದ್ದ ಮಾವನವರು ಆಗ ಬಿಗಿ ಮುಚ್ಚಳದ ಡಬ್ಬಿಯೊಂದನ್ನು ತಂದು ಪೇಷ್ಕಾರರ ಕೈಗಿಟ್ಟರು.

"ಹೆಪ್ಪು ಅದ. ಹೊಸಾ ಊರಾಗ ಹ್ವಾದ ಕೂಡ್ಲೇ ಯಾರ ಮನಿಗಿ ಹೋಗಿ ಕೇಳ್ತೀರಿ?"

ಪೇಷ್ಕಾರರು ನಗಲು ನೋಡಿದರು. "ಇದು ಯಾವ ರಾಜ್ಯದ್ದ್ರಿ?"

"ನಿಮ್ಮ ಮನಿದೇ ಅದ, ತಗೋರಿ," ಎಂದು ಮಾವನವರು ಮುಖ ತಿರುಗಿಸಿಕೊಂಡರು.

ಹೊಸ ರಾಜ್ಯ ಬಂದ ದಿನ ಊರಲ್ಲೆಲ್ಲ ಪೇಢೆ ಹಂಚಿದರು. ಮಾವನವರನ್ನು ಹುಡುಕುತ್ತಾ ಹಿತ್ತಿಲಿಗೆ ಹೋದೆ. ಕಂಡಿಯ ಕಲ್ಲನ್ನು ಪೂರಾ ಕಿತ್ತು ಬದಿಗಿಟ್ಟು, ಪೇಢೆ ಹಿಡಿದುಕೊಂಡು ನಿಂತಿದ್ದರು. ಆಚೆ ಬೀಗ ಹಾಕಿದ ಮನೆ.

"ಗೆದ್ದೆ ಅಂತ ಈಗ ಯಾರಿಗಿ ಹೇಳ್ಲವ್ವಾ?" ಎಂದರು.