ಗೌರತ್ತೆಯನ್ನು ಹೊಳೆ ದಾಟಿಸಲು ಹೋಗಿದ್ದು

ಇದು ನಡೆದದ್ದು ಎಂಬತ್ತಾರರ ಬೇಸಿಗೆಯೋ ಎಂಬತ್ತೇಳರದೋ, ಖಚಿತವಿಲ್ಲ. ದಿನಚರಿಯಲ್ಲಿ ಬರೆದಿದ್ದೇನೆ, ಇಸವಿ ಹಾಕಿಲ್ಲ. ಗೌರತ್ತೆ ಆಡಿದ ಮಾತುಗಳಲ್ಲಿ ಕೆಲವನ್ನು ನಾನೇ ಚೂಪು ಮಾಡಿರಲೂಬಹುದು. ನನ್ನ ದಡ್ಡತನ ಮಾತ್ರ ಚಾಚೂ ತಪ್ಪದೆ ನೆನಪಿದೆ. ಅದಕ್ಕೆ ಸಾಕ್ಷಿಯೂ ಇದ್ದಾರೆ, ನನ್ನ ಗಂಡ!

ಗೌರತ್ತೆ ನನ್ನ ತಂದೆಯ ಅಕ್ಕ, ಕುರುಗೋಡಿನವರು. ಅವರೇ ಕಟ್ಟಿದ ಒಂದು ಕವಡೆಯಾಟವಿತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ದಾರಿ ಬರೆಯುವುದು. ಕುರುಗೋಡಿನ ಗುಡ್ಡ ಹತ್ತಿ, ಜಾಲಿಮುಳ್ಳು ದಾಟಿ, ಸಿರುಗುಪ್ಪದ ಗದ್ದೆ ಕಾಯುವವನನ್ನು ಒಲಿಸಿ, ಅಂಬಿಗನನ್ನು ಒಪ್ಪಿಸಿ, ಕೊನೆಗೆ ಹೊಳೆ ದಾಟಿದರೆ ಆಚೆ ದಡದಲ್ಲಿ ಮದುವೆಯೂಟ. ಐದೂ ಕಡೆ ಐದು ಕವಡೆ ಎಸೆಯಬೇಕು. ಬೇಕಾದಷ್ಟು ಅಂಗಾತ ಬಿದ್ದರೆ ಮುಂದೆ, ಇಲ್ಲವಾದರೆ ಮೊದಲಿನಿಂದ. ಎಷ್ಟು ಬೇಕೆಂದು ಹೇಳುವವರು ಅತ್ತೆ. ಎಸೆಯುವ ಮುಂಚೆ "ಹೆಂಗ ದಾಟ್ತಿ, ಹೇಳು" ಅನ್ನುವರು. ಉಪಾಯ ಮೆಚ್ಚಿಗೆಯಾದರೆ ಒಂದು ಕವಡೆ ಮಾಫಿ!

ಆ ವರ್ಷ ಲಕ್ವ ಹೊಡೆದು ಅತ್ತೆಯ ಬಲಗೈ ಬಿತ್ತು. ಎಡಗೈಯಲ್ಲಿ ಕವಡೆ ಮುಟ್ಟುವುದಿಲ್ಲ ಎಂಬುದು ಅವರ ನೇಮ. ಬೇರೆಯವರು ತಮಗಾಗಿ ಎಸೆಯುವುದೂ ಕೂಡದು. ಔಷಧಿಗೆಂದು ಬಳ್ಳಾರಿಯ ನಮ್ಮ ಮನೆಗೆ ಬಂದವರು ಗೋಡೆ ನೋಡುತ್ತಾ ಮಲಗಿಬಿಟ್ಟರು. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೆ. ಅವರನ್ನು ಮತ್ತೆ ಆಟಕ್ಕೆ ಕೂಡಿಸಬೇಕೆಂದು ನನಗೆ ಹಟ ಹುಟ್ಟಿತು.

ನಾನು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಹೊಸದಾಗಿ ಬಂದಿದ್ದ, ಟೀವಿಗೆ ಜೋಡಿಸುವ ಪುಟ್ಟ ಕಂಪ್ಯೂಟರನ್ನು ರಜೆಗೆಂದು ಮನೆಗೆ ತಂದೆ. ಎಡಗೈಯಲ್ಲಿ ಗುಂಡಿ ಒತ್ತಬಾರದೆಂದು ಯಾವ ನೇಮವೂ ಇಲ್ಲವಲ್ಲ!

"ವಾರದಾಗ ಅತ್ತಿ ಹೊಳಿ ದಾಟ್ತಾಳ ನೋಡ್ರಿ," ಎಂದು ಗಂಡನಿಗೆ ಘೋಷಿಸಿದೆ.

"ಇಸ್ತ್ರಿ ಪೆಟ್ಟಿಗಿ ಬಿಚ್ಚಿದಾಗನೂ ವಾರ ಅಂತನ ಅಂದಿದ್ದಿ," ಅಂದರು. ಸಂಶೋಧಕರು ಇಂಥ ಟೀಕೆಗಳಿಗೆ ಉತ್ತರಿಸುವುದಿಲ್ಲ.

ಗುಂಡಿ ಒತ್ತಿದರೆ ಪರದೆಯ ಮೇಲೆ ಐದು ಕವಡೆ ಬೀಳುವಂತೆ ಅತ್ತೆಯ ಆಟವನ್ನು ಅದಕ್ಕೆ ಕಲಿಸಿದೆ. ಎಲ್ಲ ಕಡೆ ಮೂರು ಕವಡೆಯಾದರೂ ಅಂಗಾತ ಬೇಕೆಂದು ಇಟ್ಟೆ. ಅಷ್ಟೋ ಅದಕ್ಕಿಂತ ಹೆಚ್ಚೋ ಬೀಳುವ ಸಂಭವ ಸರಿಯಾಗಿ ಅರ್ಧ. ಇದಕ್ಕಿಂತ ನ್ಯಾಯ ಉಂಟೇ?

ಅತ್ತೆ ಒತ್ತಿದರು. ಗುಡ್ಡದಿಂದ ಬಿದ್ದರು. ಮತ್ತೆ ಒತ್ತಿದರು, ಮುಳ್ಳಿಗೆ ಸಿಕ್ಕರು. ಒಂಬತ್ತನೆಯ ಸಲವೋ ಹತ್ತನೆಯದೋ, ಅಂಬಿಗನ ತನಕ ಹೋದವರು ಟೀವಿಯತ್ತ ಬಾಗಿದರು.

"ತಮ್ಮಾ, ನಿಮ್ಮವ್ವ ನನಗ ಗೊತ್ತದಾಳ. ತೊಟ್ಟಿಲದಾಗ ಇದ್ದಾಗ ನಿನಗ ಬಜಿ ತೇದು ನೆಕ್ಕಿಸೀನಿ. ಈಗ ನನ್ನ ದಂಡ್ಯಾಗ ಬಿಟ್ಟು ಹೊಕ್ಕಿಯೇನಲೇ?"

ತಿಂಗಳಲ್ಲಿ ಅವರು ಅಷ್ಟು ಮಾತಾಡಿರಲಿಲ್ಲ. ನಾನು ಕರಗಿದೆ. ಕಂಪ್ಯೂಟರು ಕರಗಲಿಲ್ಲ. ಒಂದೇ ಕವಡೆ ಅಂಗಾತ. ಮೊದಲಿನಿಂದ!

"ಇದಕ್ಕ ಕಿವಿ ಇಲ್ಲೇನು?"

"ಇಲ್ಲತ್ತಿ."

"ಮತ್ಯಾಕ ಆಟಕ್ಕ ಕೂಡಿಸ್ದಿ?"

ಲೆಕ್ಕ ಹಾಕಿದ್ದು ಆಮೇಲೆ. ಅರ್ಧದಲ್ಲಿ ಅರ್ಧ, ಅದರಲ್ಲಿ ಅರ್ಧ, ಹೀಗೆ ಐದು ಸಲ. ಮೂವತ್ತೆರಡು ಸಲ ಹೊರಟರೆ ಒಂದು ಊಟ! ಈ ಗುಣಾಕಾರವನ್ನೇ ನಾನು ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬರೆದು ಸಂಬಳ ಪಡೆದಿದ್ದೆ.

ಮರುದಿನ ಮೂರನ್ನು ಒಂದಕ್ಕಿಳಿಸಿದೆ. ಅತ್ತೆ ನೇರ ಮದುವೆಮನೆಗೆ ಹೋದರು. ಮತ್ತೊಮ್ಮೆ ಹೋದರು. ನನ್ನ ಗಂಡ ಪೇಪರು ಓದುತ್ತಲೇ ಮೊಣಕೈಯಲ್ಲಿ ಒತ್ತಿ, ತಾವೂ ಹೋದರು.

"ಇದೇನು ಆಟವಾ, ಸಿರುಗುಪ್ಪದ ಬಸ್ಸು!" ಅಂದ ಅತ್ತೆ ಗೋಡೆಯತ್ತ ಹೊರಳಿದರು.

ಆಗ ನನಗೆ ಪರಮ ಬುದ್ಧಿ ಹೊಳೆಯಿತು. ಮತ್ತೆ ಮೂರಕ್ಕೇ ಇಟ್ಟೆ. ಆದರೆ ಮೂಲೆಯ ಗುಂಡಿಯೊಂದನ್ನು ನಾನು ಗುಟ್ಟಾಗಿ ಒತ್ತಿದರೆ ಒಂದು ಕವಡೆ ಮಾಫಿ. "ಕಿವಿ ಹಚ್ಚೀನತ್ತಿ," ಎಂದು ಸುಳ್ಳು ಹೇಳಿ ಪಕ್ಕದಲ್ಲಿ ಕೂತೆ.

ಎರಡು ದಿನ ಮನೆಯಲ್ಲಿ ಜಾತ್ರೆ! ಅತ್ತೆ ಗದ್ದೆ ಕಾಯುವವನನ್ನು ಬೈದರು, ಅಂಬಿಗನಿಗೆ ಹೆಣ್ಣು ನೋಡಿದರು, ಬಿದ್ದರು, ಎದ್ದರು, ನಕ್ಕರು. ಹೊಳೆಯೊಂದನ್ನು ಮಾತ್ರ ದಾಟಿರಲಿಲ್ಲ. ಮೂರನೆಯ ದಿನ ಹೊಳೆಯ ಮುಂದೆ ಬಂದು ನಿಂತರು. ದಾಟಲಿ, ದಾಟಲಿ ಎಂಬ ಆಸೆಗೆ ನನ್ನ ಬೆರಳು ತಡೆಯಲಿಲ್ಲ. ಪರದೆಯ ಮೇಲಿನ ಮೂರು ಎರಡಾಯಿತು. ಎರಡು ಒಂದಾಯಿತು.

ಅತ್ತೆ ಪರದೆ ನೋಡಿದರು. ಆಮೇಲೆ ನನ್ನ ಬೆರಳು ನೋಡಿದರು.

"ನಾ ಇನ್ನ ಬಾಯಿ ತಗದಿಲ್ಲ. ಅದಕ್ಕೇನ್ ಕೇಳಿಸ್ತು?"

ನನ್ನ ಬೆರಳು ಇನ್ನೂ ಮೂಲೆಯ ಗುಂಡಿಯ ಮೇಲೇ ಇತ್ತು.

"ಕೈ ತಗಿ. ನನ್ನ ಕೈ ಬಿದ್ದೈತಿ, ಬುದ್ಧಿ ಬಿದ್ದಿಲ್ಲ."

ಅವರು ಮತ್ತೆ ಗುಂಡಿ ಮುಟ್ಟಲಿಲ್ಲ. ಕಂಪ್ಯೂಟರು ಕಾಲೇಜಿಗೆ, ಅತ್ತೆ ಕುರುಗೋಡಿಗೆ. ಚಿಕ್ಕಂದಿನಲ್ಲಿ ನಾನು ಆ ಹೊಳೆಯನ್ನು ಎಷ್ಟೋ ಸಲ ದಾಟಿದ್ದೆ. ಮಾತಿನಲ್ಲಿ ಅಂಬಿಗನನ್ನೇ ಸೋಲಿಸಿದ ಜಾಣೆ ಎಂಬ ಹಮ್ಮಿನಲ್ಲೇ ಎಂ.ಎಸ್ಸಿ. ತನಕ ಬಂದವಳು. ಆದರೆ ನೆಲದ ಮೇಲೆ ಬಿದ್ದ ಕವಡೆಗಳನ್ನು ನಾನು ಒಮ್ಮೆಯಾದರೂ ಎಣಿಸಿದ್ದೆನೇ? ಎಷ್ಟು ಕೆದಕಿದರೂ ನೆನಪಾಗುತ್ತಿಲ್ಲ. ನೆನಪಾಗುವುದು ಬಿದ್ದ ಕೂಡಲೇ ಕವಡೆ ಬಾಚಿಕೊಳ್ಳುವ ಅತ್ತೆಯ ಬಲಗೈ ಒಂದೇ.

ಬಸ್ಸು ಹೊರಡುವ ಮುಂಚೆ ಕಿಟಕಿಯ ಹತ್ತಿರ ನಿಂತು ಒಂದೇ ಒಂದು ಮಾತು ಕೇಳಿದೆ. ಅತ್ತೆ ಸೆರಗು ಸರಿಮಾಡಿಕೊಂಡು ಡ್ರೈವರನ ಬೆನ್ನು ನೋಡುತ್ತಾ ಕೂತರು. ಆಮೇಲೆ ಎರಡು ಕಾಗದದಲ್ಲೂ ಅದನ್ನೇ ಬರೆದೆ. ಮನೆ ಮಂದಿಯೆಲ್ಲ ಕ್ಷೇಮ ಎಂದು ಉತ್ತರ ಬಂತು.

"ಅತ್ತಿ, ನಾ ಒಂದ್ ಸಲನಾದ್ರೂ ಖರೇನ ದಾಟೀನೇನು?"