ಮಾವನ ಸುದ್ದಿಗೊಂದು ಖಾಸಗಿ ಕಾಗೆ

“ನಿಜಾಮರ ರಾಜ್ಯಾನೇ ಮುಗೀತು, ನಿಮ್ಮಪ್ಪ ಹೇಳದ-ಕೇಳದ ಬರೋದು ಮುಗಿಯಂಗಿಲ್ಲೇನು? ಇನ್ನ ಮ್ಯಾಲ ಬೀಗರು ಹೊಸ್ತಿಲಕ್ಕ ಬರೋದ್ರೊಳಗ ನನಗ ಖಬರು ಬರ್ತದ!” ಎಂದು ಚಿತ್ತಾಪುರದ ಅಂಗಡಿ ಗುಮಾಸ್ತ ಸಾಯಬಣ್ಣ ಎದೆಯುಬ್ಬಿಸಿ ಸಾರಿದ. ಅವನ ಅಂಗೈಯಲ್ಲಿ, ಬೇವಿನ ಮರದ ಗೂಡಿನಿಂದ ಬಿದ್ದ ಕಾಗೆಮರಿಯೊಂದು ಬಾಯಿ ತೆರೆದು ಕೂತಿತ್ತು.

ಒಲೆಯ ಮುಂದಿದ್ದ ಹೆಂಡತಿ ಭಾಗಮ್ಮ ಬೆಚ್ಚಿದಳು. “ಮನ್ಯಾಗ ಕಾಗಿ?!”

“ಕಾಗಿ ಒದರಿದ್ರ ಬೀಗರು ಬರ್ತಾರಂತ ನೀನೇ ಹೇಳ್ತಿ. ಊರ ಕಾಗಿ ಯಾರ ಬೀಗರಿಗಂತ ಒದರ್ತದೋ, ಯಾರಿಗೆ ಗೊತ್ತು? ಇದು ನಮ್ಮ ಖಾಸಗಿ ಕಾಗಿ!”

ಪಾಪ, ಅವನ ಸಂಕಟವೂ ಸಣ್ಣದಲ್ಲ. ದಂಡೋತಿಯ ಮಾವ ದೇವಿಂದ್ರಪ್ಪ ಬಂದಾಗಲೆಲ್ಲ ಮನೆಯಲ್ಲಿ ಒಣ ರೊಟ್ಟಿ, ಹಿಂಡಿಯೆಂಬ ಶೇಂಗಾ ಚಟ್ನಿಪುಡಿ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. “ಇನ್ನೊಮ್ಮಿ ಹಿಂಗಾದ್ರ ಮಗಳನ್ನ ಗಾಡ್ಯಾಗ ಕುಂದ್ರಿಸ್ಕೊಂಡು ಹೋಗ್ತೀನಿ!” ಎಂದು ಕಳೆದ ಸಲ ಗುಡುಗಿ ಹೋಗಿದ್ದ. ಭಾಗಮ್ಮ ಹೋದರೆ ಸಾಯಬಣ್ಣನಿಗೆ ಆ ಒಣ ರೊಟ್ಟಿಗೂ ಗತಿಯಿರಲಿಲ್ಲ.

ಮರಿಗೆ ‘ಕೊತ್ವಾಲ’ ಎಂಬ ಬಿರುದು ಕೊಟ್ಟು ಉದ್ದನೆಯ ದಾರದಿಂದ ಮಂಚದ ಕಾಲಿಗೆ ಕಟ್ಟಲಾಯಿತು. ಕೊತ್ವಾಲ ಸಾಹೇಬರು ರೊಟ್ಟಿ ತಿಂದರು, ಹಾಲಿನ ಗಡಿಗೆ ಉರುಳಿಸಿದರು, ಬೀಗದಕೈಯನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟರು. ಆದರೆ ಒಂದೇ ಒಂದು ಸಲವೂ ಬಾಯಿಬಿಟ್ಟು ಒದರಲಿಲ್ಲ! ಆ ಕೆಲಸವನ್ನು ಅವರ ಬಂಧುಬಳಗ ವಹಿಸಿಕೊಂಡಿತು. ಊರಿನ ಕಾಗೆಗಳೆಲ್ಲ ಮಾಳಿಗೆಯ ಮೇಲೆ ಪಂಚಾಯಿತಿ ಕೂಡಿಸಿ, ಸಾಯಬಣ್ಣ ಹೊರಗೆ ಕಾಲಿಟ್ಟರೆ ಸಾಕು, ಮೇಲೆ ಎರಗುತ್ತಿದ್ದವು. ಮೋಡವಿಲ್ಲದ ಉರಿಬಿಸಿಲಲ್ಲಿ ಮಳೆಗಾಲದ ಛತ್ರಿ ಹಿಡಿದು ಅಂಗಡಿಗೆ ಹೋಗುವ ಗುಮಾಸ್ತನನ್ನು ಕಂಡು ಬಜಾರವೇ ನಕ್ಕಿತು.

ಒಂದು ಮುಂಜಾನೆ ಛತ್ರಿ ಮರೆತ. ತಾಯಿ ಕಾಗೆ ಬಂದವಳೇ ನೆತ್ತಿಯ ಮೇಲೆ ಎರಡೂ ಕಾಲೂರಿ ಕೂತು, ಟಕ್ಕನೆ ಕುಕ್ಕಿ ಹೋದಳು!

“ಅಯ್ಯಯ್ಯೋ! ಕಾಗಿ ತಲಿ ಮುಟ್ತು! ನನ್ನ ತಾಳಿಗೇ ಬಂತು!” ಭಾಗಮ್ಮ ಎದೆ ಬಡಿದುಕೊಂಡಳು.

ಈ ದೋಷಕ್ಕೆ ಮದ್ದು ಒಂದೇ. ಕಾಗೆ ಮುಟ್ಟಿದವನು ಸತ್ತನೆಂದು ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ಕಣ್ಣೀರು ಹಾಕಿದೊಡನೆ ಗಂಡಾಂತರ ಹೋಯಿತು. ಆಮೇಲೆ ನಿಜ ಹೇಳಿ ಸಮಾಧಾನ ಮಾಡಬೇಕು. ದಂಡೋತಿಗೆ ಗಾಡಿ ಹೊಡೆಯುತ್ತಿದ್ದ ನೆರೆಮನೆಯ ಖಾಜಾಮಿಯಾನಿಗೆ ಭಾಗಮ್ಮ ಎಲ್ಲವನ್ನೂ ಬಿಡಿಸಿ ಹೇಳಿದಳು. “ಫಿಕರ್ ಮಾಡಬ್ಯಾಡ್ರಿ ಅಕ್ಕಾ,” ಎಂದು ಅವನು ಹೊರಟ.

ಮಧ್ಯಾಹ್ನ. ಸಾಯಬಣ್ಣ ನೆತ್ತಿಗೆ ಅರಿಶಿನ ಮೆತ್ತಿಕೊಂಡು ರೊಟ್ಟಿಗೆ ಹಿಂಡಿ ಹಚ್ಚಿಕೊಳ್ಳುತ್ತಿದ್ದ. ಓಣಿಯಲ್ಲಿ ಗೋಳೋ ಎಂಬ ಅಳು! ಗಾಡಿಗಳ ಸಾಲು! ಎದುರಿಗೆ ಬರಿದಲೆಯ ದೇವಿಂದ್ರಪ್ಪ! ತುತ್ತು ಬಾಯಲ್ಲೇ ನಿಂತಿತು. ಮಾವನ ಅಳುವೂ ಅಲ್ಲೇ ನಿಂತಿತು.

ಹಿಂದಿನಿಂದ ಖಾಜಾಮಿಯಾ ಕಣ್ಣೊರೆಸಿಕೊಳ್ಳುತ್ತ ಬಂದ. “ಅರ್ಧಾ ಹೇಳೋದ್ರಾಗ ಎಲ್ಲಾರೂ ಅಳಾಕ ಹತ್ತಿದ್ರು ಅಕ್ಕಾ. ಅವರ ಅಳು ನೋಡಿ ನನಗೂ ತಡೀಲಿಲ್ಲ. ಉಳಿದರ್ಧ ಮರತೇ ಹೋತು!”

ಸಾಯಬಣ್ಣ ಸಿಟ್ಟೆಲ್ಲ ಕಾಗೆಯ ಮೇಲೆ ತೀರಿಸಿದ. “ಹರಾಮಿ! ಇಷ್ಟು ಮಂದಿ ಬೀಗರು ಬಂದಾರ, ಒಮ್ಮಿನೂ ಒದರಲಿಲ್ಲಲ್ಲೋ!”

“ಅದಕ್ಯಾಕ ಬೈತೀರಿ?” ಎಂದಳು ಭಾಗಮ್ಮ. “ಅದು ಉಣ್ಣಾಕ ಬರೋರಿಗೆ ಒದರ್ತದ. ಇವರು ನಿಮ್ಮ ಹೆಣಕ್ಕ ಬಂದಾರ!”

ದೇವಿಂದ್ರಪ್ಪ ತಟ್ಟೆಯತ್ತ ನೋಡಿದ. ಅದೇ ಒಣ ರೊಟ್ಟಿ, ಅದೇ ಹಿಂಡಿ. ಇನ್ನು ಹೆಂಡತಿ ಹೋದಂತೆಯೇ ಎಂದು ಸಾಯಬಣ್ಣ ಕಣ್ಣು ಮುಚ್ಚಿದ. ಮುದುಕ ಗಾಡಿಗಳ ಕಡೆ ಕೈ ಮಾಡಿದ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ದಂಡೋತಿಯ ಹೆಂಗಸರು ಹೊತ್ತು ತಂದಿದ್ದ ಬುತ್ತಿಗಳು ಇಳಿದವು. ಮೆತ್ತನೆಯ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಮೊಸರು! ಎಲ್ಲರೂ ಸಾಲಾಗಿ ಕೂತರು. ಸತ್ತವನೇ ಓಡಾಡಿ ಬಡಿಸಿದ.

ದೇವಿಂದ್ರಪ್ಪ ತೃಪ್ತಿಯಿಂದ ತೇಗಿ, ಮೀಸೆ ಒರೆಸಿಕೊಂಡ.

“ಇವತ್ತ ನೋಡ್ರಿ ನಿಮ್ಮ ಮನ್ಯಾಗ ಹೊಟ್ಟಿ ತುಂಬಿದ್ದು! ಆದ್ರ ಅದಕ್ಕ ನೀವು ಸಾಯಬೇಕಾತು, ಅಳಿಯಂದ್ರ!”