ಎಕ್ಸ್‌ರೇಕ್ಕೂ ಕಾಣದ ಸ್ಪಂಜು

ರಾಣೆಬೆನ್ನೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನ್ಯಾಗ ಕಲಿಸಾಕಿ ನಾನು. ಮರ್ಯಾದಿ ನೌಕರಿ. ಆದ್ರ ಸ್ಪಂಜಿನ ಸಂಶೋಧನೆಗೆ ಕೈ ಹಾಕಿದಾಗಿಂದ ದಿನಾ ಒಂದಿಲ್ಲೊಂದು ಫಜೀತಿ ನನ್ನ ಹುಡುಕ್ಕೊಂಡು ಬರತೈತಿ.

ಈ ಸ್ಪಂಜಿನ ಗುಣ ಕೇಳ್ರಿ. ಒತ್ತಿ ಕಡ್ಡಿಯಷ್ಟು ಸಣ್ಣ ಮಾಡಿಟ್ರ ಹಂಗೇ ಇರತೈತಿ. ಮೈಬಿಸಿ ತಾಗಿತು ಅಂದ್ರ ಮದಲಿನ ಆಕಾರ ನೆನಪು ಮಾಡಿಕೊಂಡು ಉಬ್ಬತೈತಿ. ತಲಿಯೊಳಗಿನ ರಕ್ತನಾಳ ಎಲ್ಲಾದರೂ ಗುಳ್ಳಿಯಾಗಿ ಉಬ್ಬಿದ್ರ, ಸಣ್ಣ ನಳಿಗಿಯಿಂದ ಇದನ್ನ ಅಲ್ಲಿಗೆ ದೂಡಿ ಗುಳ್ಳಿ ತುಂಬಬಹುದು. ತೊಡಕು ಒಂದೇ, ಎಕ್ಸ್‌ರೇದಾಗ ಕಾಣಂಗಿಲ್ಲ. ಹಾವೇರಿಯ ಡಾಕ್ಟರೊಬ್ರು ಖಡಕ್ಕಾಗಿ ಹೇಳಿದ್ರು, "ಕಾಣದ್ದನ್ನ ನಾ ಯಾರ ತಲಿಯೊಳಗೂ ಬಿಡಾಂವಲ್ಲ ಮೇಡಂ. ತೋರಸ್ರಿ, ಮುಂದಿನ ಪರೀಕ್ಷೆಗೆ ಸಹಿ ಹಾಕ್ತೇನಿ. ಇಲ್ಲಾಂದ್ರ ಇಲ್ಲಿಗೇ ಬಿಟ್ಟುಬಿಡ್ರಿ."

ಮದಲನೇ ಫಿಲ್ಮು

ರಾಣೆಬೆನ್ನೂರಿನ ಎಕ್ಸ್‌ರೇ ಸೆಂಟರಿಗೆ ಸ್ಪಂಜು ತಗೊಂಡು ಹೋದ್ನಿ. "ಪೇಶಂಟ್ ಎಲ್ಲಿ ಅದಾರ್ರಿ?" ಅಂದ ಎಕ್ಸ್‌ರೇ ತಗಿಯಾಂವ. ಡಬ್ಬಿ ತೆರೆದು ತೋರಿಸಿದ್ನಿ. ಡಬ್ಬಿ ನೋಡಿದ, ನನ್ನ ಮಾರಿ ನೋಡಿದ, ಫಿಲ್ಮು ತಗದ. ಫಿಲ್ಮೆಲ್ಲಾ ಕರ್ರಗ, ಸ್ಪಂಜಿನ ಸುಳಿವೇ ಇಲ್ಲ. ನನಗ ಅಳು ಬರೋದೊಂದು ಬಾಕಿ.

ಅಂವ ಸಮಾಧಾನ ಹೇಳಿದ, "ಚಿಂತಿ ಮಾಡಬ್ಯಾಡ್ರಿ ಮೇಡಂ. ಎಲ್ಲಾ ನಾರ್ಮಲ್ ಐತಿ. ಒಂದೂ ಎಲುಬು ಮುರಿದಿಲ್ಲ."

ಎದ್ದು ಕಾಣುವಂಥಾದ್ದು

ಬಲ್ಬಿನ ತಂತಿ ಮಾಡ್ತಾರಲ್ಲ, ಆ ಟಂಗ್‌ಸ್ಟನ್ ಲೋಹದ ಪುಡಿ ಕಲಸಿದ್ರ ಎಕ್ಸ್‌ರೇಕ್ಕ ಸಿಗತೈತಿ. ಕಾಣಲಿ ಅಂತ ನಾನು ಕೈ ಬಿಚ್ಚಿ ಸುರಿದ್ನಿ. ಫಿಲ್ಮಿನ್ಯಾಗ ಬೆಳ್ಳಗ ಫಳಫಳ ಅಂತು. ಆದ್ರ ಬೆಚ್ಚನ ನೀರಿಗೆ ಹಾಕಿದ್ರ ಜಪ್ಪಯ್ಯ ಅಂದ್ರೂ ಉಬ್ಬವಲ್ದು. ಪುಡಿ ಹೆಚ್ಚಾಗಿ ಬಿರುಸಾಗಿಬಿಟ್ಟಿತ್ತು.

ಬಾಜೂ ನಿಂತಿದ್ದ ನಮ್ಮ ವಿಭಾಗದ ಮುಖ್ಯಸ್ಥರು ತಣ್ಣಗ ಅಂದ್ರು, "ನಮ್ಮ ಕಾಲೇಜಿನ್ಯಾಗ ಇಂಥಾವ್ರು ಭಾಳ ಮಂದಿ ಅದಾರ. ಎದ್ದು ಕಾಣ್ತಾರ, ಕೆಲಸ ಮಾಡಂಗಿಲ್ಲ."

ಹಾವೇರಿ ಬಸ್ಸು

ಮಾಡಿ ಕೆಡಿಸಿ, ಕೆಡಿಸಿ ಮಾಡಿ, ಕಡೀಕ ಪುಡಿ ಹದಕ್ಕ ಬಂತು. ಕಾಣಾಕೂ ಹತ್ತಿತು, ಉಬ್ಬಾಕೂ ಹತ್ತಿತು. ಬ್ಯಾಸಗಿ ಬಿಸಿಲು. ದಾರಿಯೊಳಗೇ ಉಬ್ಬಿಬಿಟ್ರ ಡಾಕ್ಟರ್ ಮುಂದ ಏನು ತೋರಿಸಲಿ ಅಂತ ಥರ್ಮಾಸಿನ್ಯಾಗ ಐಸ್ ಹಾಕಿ, ಸ್ಪಂಜಿನ ತುಣುಕು ಇಟ್ಟುಕೊಂಡು ಬಸ್ ಹತ್ತಿದ್ನಿ. ಬಾಜೂ ಕುಂತಾಕಿ ಏನ್ರಿ ಅದು ಅಂದ್ಲು. "ಸ್ವಲ್ಪ ಬಿಸಿ ತಾಗಿದ್ರೂ ತಡಿಯಂಗಿಲ್ರಿ, ಅದಕ್ಕ ಐಸಿನ್ಯಾಗ ಇಟ್ಟೇನಿ" ಅಂದ್ನಿ.

ಆಕಿ ಥರ್ಮಾಸನ್ನ ಮ್ಯಾಲಿಂದ ಕೆಳಗ ಅಳದು ನೋಡಿ ಕೇಳಿದ್ಲು, "ನಮ್ಮ ಮನಿಯವ್ರೂ ಹಂಗೇ ಅದಾರ್ರಿ. ಇದರಾಗ ದೊಡ್ಡ ಸೈಜ್ ಸಿಗತೈತೇನು?"

ಅತ್ತಿಯವರ ಚಿಕಿತ್ಸೆ

ಹಾವೇರಿಯೊಳಗ ಡಾಕ್ಟರ್ ರಕ್ತನಾಳದಂಗ ಒಂದು ಕಡೆ ಗುಳ್ಳಿ ಉಬ್ಬಿಸಿದ್ದ ಗಾಜಿನ ನಳಿಗಿಯೊಳಗ ಬೆಚ್ಚನ ನೀರು ಹರಿಬಿಟ್ಟು, ಎಕ್ಸ್‌ರೇ ಪರದೆ ಹಚ್ಚಿದ್ರು. ಕಡ್ಡಿಯಂಥಾ ನನ್ನ ಸ್ಪಂಜು ಪರದೆ ಮ್ಯಾಲ ಸ್ವಚ್ಛ ಕಾಣ್ತಾ ಹೋತು, ಗುಳ್ಳಿಯೊಳಗ ಹೊಕ್ಕಿತು, ನಿಧಾನಕ್ಕ ಉಬ್ಬಿ ಗುಳ್ಳಿ ತುಂಬಿತು. ಡಾಕ್ಟರ್ ಖುರ್ಚಿ ಮುಂದ ಎಳಕೊಂಡ್ರು. "ಖರೇನ ಕಾಣಾಕತ್ತೈತಲ್ರಿ ಮೇಡಂ" ಅಂದವರೇ ಸಹಿ ಹಾಕಿದ್ರು. ಗೆದ್ನಿ ಅನಿಸಿ ಕಣ್ಣೀರು ಬಂತು, ನಾಚಿಗಿ ಬಿಟ್ಟು ಅತ್ನಿ.

ಉಳಿದ ಒಂದು ತುಣುಕು ತಗೊಂಡು ಬ್ಯಾಡಗಿಗೆ, ಮನಿಗೆ ಬಂದ್ನಿ. ಸುದ್ದಿ ಕೇಳಿದ ನಮ್ಮ ಅತ್ತಿ ಸೀದಾ ಅಡಿಗಿಮನಿಗೆ ಎದ್ದು ಹೋದ್ರು. "ಇಷ್ಟು ದಿನ ಇದು ಯಾರ ಕಣ್ಣಿಗೂ ಬಿದ್ದಿದ್ದಿಲ್ಲ. ಇನ್ನ ಎಲ್ಲಾರ ಕಣ್ಣೂ ಇದರ ಮ್ಯಾಲೇ. ದೃಷ್ಟಿ ತಗೀಬೇಕು" ಅಂದು ಕೆಂಡ ತಂದ್ರು. ತುಣುಕನ್ನ ತಾಟಿನ್ಯಾಗ ಇಟ್ಟು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕ ಹಾಕಿದ್ರು. ಘಾಟು ಬರಲಿಲ್ಲಾಂದ್ರ ದೃಷ್ಟಿ ಜೋರಾಗೇತಿ ಅಂತ ಲೆಕ್ಕ. ನಮ್ಮೂರ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಮ್ಮಿ. ಅತ್ತಿ ಮೂಗು ಮುಂದ ಚಾಚಿ, "ನೋಡು, ಎಷ್ಟು ದೃಷ್ಟಿ ಆಗಿತ್ತು" ಅಂದ್ರು.

ಅಷ್ಟರಾಗ ಕೆಂಡದ ಬಿಸಿ ತಾಟಿಗೆ ತಾಗಿ, ತುಣುಕು ಅವರ ಕಣ್ಣ ಮುಂದೇ ಗುಂಡಗ ಉಬ್ಬಿತು. ನಾನು ಬಾಯಿ ತೆರೆಯೋದರೊಳಗ ಅತ್ತಿ ಲಟಿಕಿ ಮುರಿದು ಹೇಳಿದ್ರು:

"ನಿಮ್ಮ ಡಾಕ್ಟರ್ ಬರೇ ನೋಡಿ ಸಹಿ ಹಾಕಿದ ನೋಡವಾ. ಸೊರಗಿದ್ದು ಮೈ ತುಂಬಿಕೊಂಡಿದ್ದು ನನ್ನ ಕೈಯಾಗ."